ಉಸಿರು ಎಣಿಸಿ, ಲಂಗೋಟಿ ಎಣಿಸಿ

ರಾತ್ರಿ ಹನ್ನೊಂದರ ಮೇಲೆ ಫೋನ್ ಬಂತೆಂದರೆ ಮೊದಲ ಮಾತು ಹೆಚ್ಚಾಗಿ ಒಂದೇ ಇರುತ್ತದೆ. "ಮೇಡಂರೀ, ಕೂಸಿಗೆ ಜ್ವರ ಬಂದಾವ್ರಿ, ನೂರಾ ಎರಡು ತೋರಸಾಕತ್ತೈತಿ."

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಮಕ್ಕಳ ಡಾಕ್ಟರಾಗಿ ಹತ್ತೊಂಬತ್ತು ವರ್ಷ ಕಳೆದೆ. ಮೊದಲ ಏಳೆಂಟು ವರ್ಷ ನಾನೂ ಆ ಅಂಕಿಯ ಬೆನ್ನು ಹತ್ತಿದ್ದವಳೇ. ಈಗೆಷ್ಟು, ಔಷಧ ಹಾಕಿದ ಮೇಲೆ ಎಷ್ಟು, ಮತ್ತೆ ಏರಿತೇ. ಈಗ ಕೇಳುವುದೇ ಬೇರೆ: "ಮಧ್ಯಾಹ್ನದಿಂದ ಉಚ್ಚಿ ಎಷ್ಟು ಸಲ ಹೊಯ್ದೈತಿ? ಅಂಗಿ ಎತ್ತಿ ಉಸಿರು ಎಣಿಸಿ ಹೇಳ್ರಿ. ಜ್ವರ ಇಳಿದಾಗ ಆಡ್ತೈತೋ, ಹಂಗೇ ಬಿದ್ದಿರ್ತೈತೋ?"

ಈ ಬುದ್ಧಿ ಕಲಿಸಿದವನು ನನ್ನ ಮಗ. ಅವನಿಗಾಗ ಒಂದೂವರೆ ವರ್ಷ. ಸಂಜೆಯಿಂದ ಮೂಗು ಸೋರುತ್ತಿತ್ತು, ಮೈ ಬೆಚ್ಚಗಿತ್ತು. ಊಟಕ್ಕೆ ಕೂತಾಗ ತೊಡೆಯ ಮೇಲಿದ್ದವನು ಒಮ್ಮೆಲೆ ಸೆಟೆದುಕೊಂಡ. ಕಣ್ಣು ಮೇಲೆ ಸಿಕ್ಕಿಕೊಂಡವು, ಕೈಕಾಲು ಅದುರತೊಡಗಿದವು. ಜ್ವರದ ಫಿಟ್ಸ್. ಆರು ತಿಂಗಳಿಂದ ಐದು ವರ್ಷದೊಳಗೆ ನೂರರಲ್ಲಿ 2ರಿಂದ 5 ಮಕ್ಕಳಿಗೆ ಬರುತ್ತದೆ, ಬಹುಪಾಲು ಐದು ನಿಮಿಷದೊಳಗೆ ತಾನೇ ನಿಲ್ಲುತ್ತದೆ, ಮಿದುಳಿಗೆ ಏನೂ ಆಗುವುದಿಲ್ಲ ಅಂತ ಅದೇ ವಾರ ಯಾರಿಗೋ ಸಮಾಧಾನ ಹೇಳಿ ಕಳಿಸಿದ್ದೆ. ಮಗ್ಗುಲಿಗೆ ಹೊರಳಿಸಿ ಮಲಗಿಸಿದೆ, ಅಷ್ಟನ್ನು ಕೈ ತಾನಾಗಿಯೇ ಮಾಡಿತು. ಅತ್ತೆ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು, ಬೀಗದಕೈ ಗೊಂಚಲು ತಂದು ಅಂಗೈಗೆ ತುರುಕಿದರು. ನಾನು ಬೇಡ ಅನ್ನಲಿಲ್ಲ. ಹಲ್ಲಿನ ನಡುವೆ ಚಮಚ ತೂರಿಸಲು ಹೋದಾಗ ಮಾತ್ರ ಕೈ ಹಿಡಿದೆ.

ನಿಂತಿತು. "ಹತ್ತು ನಿಮಿಷ ಬಂದಿತ್ತು" ಅಂತ ಗೆಳತಿ ಡಾಕ್ಟರಿಗೆ ಹೇಳಿದೆ, ಆಣೆ ಮಾಡುವಷ್ಟು ಖಾತ್ರಿಯಿಂದ. ನನ್ನ ಗಂಡ ಫಿಟ್ಸ್ ಶುರುವಾದ ಕೂಡಲೇ ಅವಳಿಗೇ ಫೋನ್ ಹಚ್ಚಿದ್ದರು. ಆಮೇಲೆ ತೆಗೆದು ನೋಡಿದರೆ ಕರೆ ಇದ್ದದ್ದೇ 2 ನಿಮಿಷ 40 ಸೆಕೆಂಡು, ಫಿಟ್ಸ್ ನಿಂತದ್ದು ಅದು ಮುಗಿಯುವ ಮೊದಲೇ.

ಎಂ.ಡಿ. ಮಾಡಿದವಳಿಗೇ ಎರಡು ನಿಮಿಷ ಹತ್ತಾಗಿ ಕಂಡರೆ ಹೊಲದಿಂದ ಓಡಿಬಂದ ತಾಯಿಗೆ ಹೇಗೆ ಕಂಡೀತು! ಅವತ್ತಿನಿಂದ ಫಿಟ್ಸ್ ಬಂದ ಮಗುವಿನ ಮನೆಯವರಿಗೆ ಮೊದಲು ಹೇಳುವುದು ಗಡಿಯಾರ ನೋಡಿ ಎಂದು. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಒತ್ತಿ ಹಿಡಿಯಬೇಡಿ, ಆಗುವುದಾದರೆ ಯಾರಾದರೂ ವಿಡಿಯೋ ಮಾಡಿಕೊಳ್ಳಿ. ಐದು ನಿಮಿಷ ದಾಟಿದರೆ 108. ಮೊದಲ ಸಲ ಬಂದಿದ್ದರೆ ನಿಂತ ಮೇಲೂ ಅವತ್ತೇ ಡಾಕ್ಟರಿಗೆ ತೋರಿಸಲೇಬೇಕು. ಮಗು ಆರು ತಿಂಗಳೊಳಗಿನದಾಗಿದ್ದರೆ, ಒಂದೇ ಕಡೆಯ ಕೈಕಾಲು ಅದುರಿದ್ದರೆ, ಅದೇ ದಿನ ಮತ್ತೆ ಬಂದರೆ, ನಿಂತ ಮೇಲೂ ಮಗು ಸರಿಯಾಗಿ ಎಚ್ಚರಾಗದಿದ್ದರೆ ಅದನ್ನು ಸಾಮಾನ್ಯ ಜ್ವರದ ಫಿಟ್ಸ್ ಅಂದುಕೊಂಡು ಮನೆಯಲ್ಲಿ ಕೂರುವಂತಿಲ್ಲ. ಒಮ್ಮೆ ಬಂದ ಮೂವರಲ್ಲಿ ಒಬ್ಬರಿಗೆ ಮತ್ತೊಂದು ಜ್ವರದಲ್ಲಿ ಮರಳುತ್ತದೆ. ಅಂಥವರ ಮನೆಯಲ್ಲಿ ಇಡಲು ಫಿಟ್ಸ್ ನಿಲ್ಲಿಸಲು ಮೂಗಿಗೆ ಹೊಡೆಯುವ ಮಿಡಜೋಲಮ್ ಸ್ಪ್ರೇ ಬರೆದುಕೊಟ್ಟು, ಹೊಡೆಯುವ ಕ್ರಮವನ್ನು ಎದುರಿಗೇ ತೋರಿಸಿ ಕಳಿಸುತ್ತೇನೆ.

ಜ್ವರದ ಅಂಕಿ ಲೆಕ್ಕಕ್ಕೆ ಬರುವ ಒಂದು ವಯಸ್ಸಿದೆ. ಮೂರು ತಿಂಗಳು ತುಂಬದ ಕೂಸಿಗೆ 100.4 ಡಿಗ್ರಿ ಬಂದರೆ ಔಷಧ ಹಾಕಿ ಬೆಳಗಾಗಲಿ ಅಂತ ಕಾಯಬಾರದು, ಆಗಲೇ ಹೊರಡಬೇಕು. ಹಾಲು ಬಿಟ್ಟು ಮೈ ತಣ್ಣಗಾದರೂ ಅಷ್ಟೇ. ಅದಕ್ಕಿಂತ ದೊಡ್ಡ ಮಗು 103 ಇದ್ದರೂ ಔಷಧ ಹಿಡಿದ ಮೇಲೆ ಎದ್ದು ಚೆಂಡು ಉರುಳಿಸುತ್ತಿದ್ದರೆ ನನಗೆ ನಿದ್ದೆ ಬರುತ್ತದೆ. 100 ಇದ್ದೂ ಕಣ್ಣು ತೆರೆಯದೆ ಮಲಗಿದ ಮಗು ನನ್ನನ್ನು ಎಬ್ಬಿಸುತ್ತದೆ.

ಜ್ವರದ ಔಷಧದ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಎಂಟು ಕಿಲೋ ತೂಗುವ ಮಗು. ಪ್ಯಾರಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ. ಲೆಕ್ಕ ಹಾಕಿ 125ರ ಸಿರಪ್ 5 ಮಿಲಿ ಅಂತ ಚೀಟಿಯಲ್ಲಿ ಗೀಚಿದೆ. ತಾಯಿ ಮನೆಗೆ ಹೋಗಿ, ಚುಚ್ಚುಮದ್ದಿನ ಸಮಯದಲ್ಲಿ ತಂದಿಟ್ಟಿದ್ದ ಪುಟ್ಟ ಬಾಟಲಿ ಇದೆಯಲ್ಲ, ಔಷಧ ಒಂದೇ ಅಂತ ಅದರಿಂದ 5 ಮಿಲಿ ಹಾಕಿದಳು. ಅದು ಡ್ರಾಪ್ಸ್. ಸಿರಪ್‌ನಲ್ಲಿ 5 ಮಿಲಿಗೆ 125 ಇದ್ದರೆ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100. ನಾಲ್ಕು ಪಟ್ಟು ಹೋಯಿತು, ಅದೂ ಎರಡು ಸಲ. ಲಿವರ್ ಪರೀಕ್ಷೆ ಸರಿ ಬರುವವರೆಗೆ ನನ್ನ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ತಾಯಿ ಓದಿದವಳು, ಚೀಟಿಯಲ್ಲಿ 5 ಮಿಲಿ ಅಂತ ಇತ್ತು, 5 ಮಿಲಿಯನ್ನೇ ಹಾಕಿದ್ದಳು.

ಈಗ ನನ್ನ ಮೇಜಿನ ಮೇಲೆ ಸೂಜಿ ಇಲ್ಲದ ಸಿರಿಂಜುಗಳ ಡಬ್ಬಿ ಇದೆ. ಅಂಗಡಿಯಿಂದ ಬಾಟಲಿ ತಂದು ತೋರಿಸಿ ಅನ್ನುತ್ತೇನೆ. ಸಿರಿಂಜಿನ ಮೇಲೆ ಎಷ್ಟರವರೆಗೆ ಎಳೆಯಬೇಕೋ ಅಲ್ಲಿಗೆ ಬಿಳಿ ಪ್ಲಾಸ್ಟರಿನ ಪಟ್ಟಿ ಸುತ್ತಿ, ಅದೇ ಬಾಟಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಡುತ್ತೇನೆ. ನಾಲ್ಕರಿಂದ ಆರು ಗಂಟೆಯ ಅಂತರ ಬಿಟ್ಟು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಒಬ್ಬ ಮಗುವಿಗೆ ಇಪ್ಪತ್ತು ಸೆಕೆಂಡು ಹಿಡಿಯುವ ಕೆಲಸ ಇದು, ಮೊದಲೇ ಯಾಕೆ ಮಾಡಲಿಲ್ಲವೋ.

ಇನ್ನು ಕೆಮ್ಮು. ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಈ ವಯಸ್ಸಿನಲ್ಲಿ ಮಾಮೂಲು, ಅಂಗನವಾಡಿಗೆ ಹೋಗಲು ಶುರು ಮಾಡಿದ ವರ್ಷ ಇನ್ನೂ ಹೆಚ್ಚು. ಕೆಮ್ಮು ಎರಡು ವಾರ ಎಳೆಯಬಹುದು. "ಕಫ ಕರಗೋ ಔಷಧಿ ಬರೀರಿ, ಇಲ್ಲಾಂದ್ರ ಮಷಿನರ ಹಚ್ರಿ" ಅಂತ ಜನ ಪಟ್ಟು ಹಿಡಿಯುತ್ತಾರೆ. ಮಷಿನ್ ಅಂದರೆ ಔಷಧವನ್ನು ಆವಿಯಂತೆ ಮಾಡಿ ಉಸಿರಿನಲ್ಲಿ ಕೊಡುವ ನೆಬುಲೈಜರ್. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಮೇಲೆ, 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬೇಡಿ, ಐದರೊಳಗೂ ಸಾಮಾನ್ಯವಾಗಿ ಬೇಡ ಎಂದು ಸೂಚನೆ ಹೊರಡಿಸಿತು. ಅದಕ್ಕೂ ಎಷ್ಟೋ ವರ್ಷ ಮೊದಲೇ ನಾನು ನಿಲ್ಲಿಸಿದ್ದೆ, ಹಾಗಾಗಿ ಕೆಲವರು "ಆ ಮೇಡಂ ಔಷಧಿನ ಕೊಡೂದಿಲ್ಲ" ಅಂತ ಪಕ್ಕದ ಬೀದಿಗೆ ಹೋದದ್ದೂ ಉಂಟು. ಮೂಗಿಗೆ ಉಪ್ಪುನೀರಿನ ಹನಿ, ಒಂದು ವರ್ಷ ದಾಟಿದ್ದರೆ ಮಲಗುವಾಗ ಅರ್ಧ ಚಮಚ ಜೇನುತುಪ್ಪ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಬಾಟ್ಯುಲಿಸಮ್ ಎಂಬ ವಿರಳವಾದರೂ ಕೆಟ್ಟ ರೋಗದ ಬೀಜ ಅದರಲ್ಲಿರಬಹುದು.

ಕೆಮ್ಮಿನ ಸದ್ದು ಎಷ್ಟು ಜೋರಿದೆ ಅನ್ನುವುದರಿಂದ ನನಗೆ ಹೆಚ್ಚೇನೂ ತಿಳಿಯುವುದಿಲ್ಲ, ಉಸಿರಿನಿಂದ ತಿಳಿಯುತ್ತದೆ. ಮಗು ಮಲಗಿರಬೇಕು, ಇಲ್ಲವೇ ಸುಮ್ಮನಿರಬೇಕು. ಅತ್ತಾಗ ಎಣಿಸಿದ್ದಕ್ಕೆ ಅರ್ಥವಿಲ್ಲ. ಅಂಗಿ ಎತ್ತಿ, ಹೊಟ್ಟೆ ಮೇಲೆದ್ದು ಇಳಿದರೆ ಒಂದು. ಫೋನಿನಲ್ಲಿ ಪೂರ್ತಿ ಒಂದು ನಿಮಿಷ ಹಚ್ಚಿ ಎಣಿಸಿ. ಎಳೆ ಕೂಸುಗಳು ನಾಲ್ಕು ಸಲ ಬೇಗ ಬೇಗ ಎಳೆದು ಆಮೇಲೆ ತುಸು ತಡೆಯುತ್ತವೆ, ಅದಕ್ಕೇ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗೆ 60, ಎರಡು ತಿಂಗಳಿಂದ ವರ್ಷದವರೆಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ನ್ಯುಮೋನಿಯಾ ಇರಬಹುದು, ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ನರಳುತ್ತಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರದೆ ಗಾಡಿ ಹತ್ತಿ.

ಅಜ್ಜಿಯರ ಜೊತೆ ನಾನು ಜಗಳಕ್ಕಿಳಿಯುವುದಿಲ್ಲ. ಎಣ್ಣೆ ಹಚ್ಚಿ ಎರೆಯಲಿ, ನೆತ್ತಿಗೆ ಹರಳೆಣ್ಣೆ ತಟ್ಟಲಿ, ಬಜೆ ಬಳೆ ಕಟ್ಟಲಿ, ದೃಷ್ಟಿ ತೆಗೆಯಲಿ. ಮೂಗಿಗೆ ಮಾತ್ರ ಎಣ್ಣೆ ಬಿಡಬೇಡಿ, ಅದು ಪುಪ್ಪುಸಕ್ಕೆ ಇಳಿದು ಕೂರುತ್ತದೆ. ಎರೆದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯೂ ಬೇಡ. ಗಂಡು ಹೆಣ್ಣೆನ್ನದೆ ಎಳೆ ಕೂಸಿನ ಎದೆ ಊದಿದರೆ ಹಿಂಡಿ ಹಾಲು ತೆಗೆಯಬೇಡಿ. ಅದು ತಾಯಿಯ ಹಾರ್ಮೋನಿನಿಂದ ಬಂದದ್ದು, ತಾನೇ ಇಳಿಯುತ್ತದೆ. ಹೊಟ್ಟೆಯ ಮೇಲೆ ಬರೆ ಹಾಕಿಸಿಕೊಂಡು ಬಂದ ಕೂಸುಗಳನ್ನು ಈಗಲೂ ನೋಡುತ್ತೇನೆ. ಅಲ್ಲಿ ಮಾತ್ರ ನನ್ನ ದನಿ ಏರುತ್ತದೆ.

ಹುಟ್ಟಿದ ಕೂಸಿನ ಕಾಮಾಲೆಗೆ ಬೆಳಗಿನ ಬಿಸಿಲಿಗೆ ಹಿಡಿಯುವುದು ಎಲ್ಲರಿಗೂ ಗೊತ್ತು. ಅದನ್ನು ನೆಚ್ಚಬೇಡಿ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದಿದ್ದರೆ ರಕ್ತ ಪರೀಕ್ಷೆ ಆಗಬೇಕು. ಎರಡು ವಾರ ಕಳೆದರೂ ಹಳದಿ ಹೋಗದೆ, ಸಂಡಾಸ ಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದರೆ ಪಿತ್ತನಾಳ ಮುಚ್ಚಿರಬಹುದು. ಅದರ ಆಪರೇಷನ್ ಅರವತ್ತು ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ.

ಬೇಸಿಗೆಯಲ್ಲೂ ಮಳೆ ಶುರುವಾದಾಗಲೂ ನನ್ನ ಓಪಿಡಿ ತುಂಬುವುದು ವಾಂತಿ ಭೇದಿಯಿಂದ. "ಹಲ್ಲು ಬರಾಕತ್ತಾವ್ರಿ, ಅದಕ್ಕ" ಅನ್ನುತ್ತಾರೆ. ಹಲ್ಲಿನಿಂದ ಭೇದಿ ಆಗುವುದಿಲ್ಲ. ಆ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಅದರ ಫಲ. ಓಆರ್‌ಎಸ್ ಕೊಟ್ಟಿರಾ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಹೇಗೆ ಕಲಸಿದಿರಿ ಅಂತ ಕೇಳಿದರೆ ಗುಟ್ಟು ಹೊರಬೀಳುತ್ತದೆ. ಒಬ್ಬಾಕೆ ಒಂದು ಪಾಕೀಟನ್ನು ನಾಲ್ಕು ದಿನ ಚಿಟಿಕೆ ಚಿಟಿಕೆಯಾಗಿ ಲೋಟಕ್ಕೆ ಹಾಕಿದ್ದಳು, ಇನ್ನೊಬ್ಬರು ಇಡೀ ಪಾಕೀಟನ್ನು ಒಂದೇ ಲೋಟಕ್ಕೆ ಸುರಿದಿದ್ದರು. ಎರಡನೆಯದು ಹೆಚ್ಚು ಅಪಾಯ, ರಕ್ತದಲ್ಲಿ ಉಪ್ಪು ಏರುತ್ತದೆ. ದೊಡ್ಡ ಪಾಕೀಟು ಒಂದು ಲೀಟರಿಗೆ, ಚಿಕ್ಕದು 200 ಮಿಲಿಗೆ. ಒಮ್ಮೆ ಕಲಸಿದ್ದು 24 ಗಂಟೆ, ಆಮೇಲೆ ಚೆಲ್ಲಬೇಕು. ಪ್ರತಿ ಭೇದಿಗೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ, ಚಮಚದಲ್ಲಿ, ನಿಧಾನ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಎದೆಹಾಲು ನಿಲ್ಲಿಸುವಂತಿಲ್ಲ, ಊಟವನ್ನೂ. ಜೊತೆಗೆ ಝಿಂಕ್, ಭೇದಿ ನಿಂತರೂ 14 ದಿನ. ರಟ್ಟಿನ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಹಾಕಬಾರದೆಂದು 2025ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿತು.

"ಬರೇ ಉಪ್ಪು ಸಕ್ಕರಿ ನೀರಿಂದ ಏನಾಗ್ತೈತ್ರಿ, ಸಲಾಯಿನ್ ಹಚ್ರಿ" ಅನ್ನುವವರಿಗೆ 1971ರ ಕತೆ ಹೇಳುತ್ತೇನೆ. ಬಾಂಗ್ಲಾ ಯುದ್ಧದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ. ಸಲಾಯಿನ್ ಖಾಲಿಯಾಗುತ್ತಾ ಬಂದಾಗ ಡಾ. ದಿಲೀಪ್ ಮಹಲನೋಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಕಲಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸಿದವರು ರೋಗಿಗಳ ಮನೆಯವರೇ. ಸಾವು ನೂರಕ್ಕೆ ಸುಮಾರು ಮೂವತ್ತರಿಂದ ನಾಲ್ಕಕ್ಕಿಂತ ಕೆಳಗಿಳಿಯಿತು.

ಭೇದಿಯಲ್ಲಿ ಎಣಿಸಬೇಕಾದದ್ದು ಉಚ್ಚಿ. ಡೈಪರ್ ಬಂದ ಮೇಲೆ ಈ ಲೆಕ್ಕವೇ ಕೆಟ್ಟಿದೆ, ಒಳಗೆ ಯಾವುದು ನೀರು ಭೇದಿ, ಯಾವುದು ಉಚ್ಚಿ ಅಂತ ಗೊತ್ತಾಗುವುದಿಲ್ಲ. ಭೇದಿ ಇರುವಷ್ಟು ದಿನ ಡೈಪರ್ ಬಿಚ್ಚಿಟ್ಟು ಹಳೇ ಪಂಚೆಯ ಲಂಗೋಟಿ ಕಟ್ಟಿ ಅನ್ನುತ್ತೇನೆ. ಆರು ಗಂಟೆ ಲಂಗೋಟಿ ಒದ್ದೆಯಾಗದಿದ್ದರೆ, ಅತ್ತರೆ ಕಣ್ಣೀರು ಬಾರದಿದ್ದರೆ, ನೆತ್ತಿ ಗುಳಿ ಬಿದ್ದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆ.

ಮೊನ್ನೆ ರಾತ್ರಿ ಒಂದು ಮನೆಯಿಂದ ಫೋನು. ಹದಿನಾಲ್ಕು ತಿಂಗಳ ಹುಡುಗಿ, ಕೆಮ್ಮು, ಜ್ವರ. ಉಸಿರು ಎಣಿಸಿ ಅಂದೆ.

"ಮೂವತ್ತಾರು ಬಂತ್ರಿ, ಎರಡು ಸಲ ಎಣಿಸೇನಿ" ಅಂದ ಅಪ್ಪ. ಹಿಂದಿನಿಂದ ಮುದುಕಿಯ ದನಿ, "ಸುಳ್ಳ ಹೇಳ್ತಾನ್ರಿ, ನಲವತ್ತು."

ಸರಿ, ಲೈಟು ಹಚ್ಚಿ ಇಬ್ಬರೂ ಕೂಡಿ ಬಾಯಿಬಿಟ್ಟು ಎಣಿಸಿ ಅಂತ ಫೋನ್ ಹಿಡಿದೇ ಕೂತೆ. ಒಂದು, ಎರಡು ಅಂತ ಇಬ್ಬರ ದನಿಯೂ ಕೇಳುತ್ತಿತ್ತು, ಇಪ್ಪತ್ತರ ನಂತರ ಪಿಸುಮಾತಾಯಿತು. ಮೂವತ್ತೇಳಕ್ಕೆ ನಿಂತಿತು. ಪಕ್ಕೆಯಲ್ಲಿ ಗುಳಿ ಇಲ್ಲ, ಸಂಜೆಯಿಂದ ಮೂರು ಲಂಗೋಟಿ ಒದ್ದೆ. ಬೆಳಿಗ್ಗೆ ಕರಕೊಂಡು ಬನ್ನಿ, ನಡುವೆ ಉಸಿರು ಏರಿದರೆ ಮತ್ತೆ ಫೋನ್ ಮಾಡಿ ಅಂದೆ. ಬೆಳಿಗ್ಗೆ ಹತ್ತಕ್ಕೆ ಬಂದರು. ಹುಡುಗಿ ಒಂದು ಕೈಯಲ್ಲಿ ಬ್ರೆಡ್ ಹಿಡಿದು, ಇನ್ನೊಂದರಲ್ಲಿ ನನ್ನ ಸ್ಟೆತೊಸ್ಕೋಪ್ ಎಳೆಯುತ್ತಿದ್ದಳು. ಅಜ್ಜಿ ಕೂತವರೇ ಕೇಳಿದರು, "ಈಗ ನೀವ ಎಣಿಸಿ ಹೇಳ್ರಿ ಮೇಡಂ, ಎಷ್ಟು ಬರ್ತಾವು?"