ಇತ್ತೊಕ್ಕೊರ್ತೂರ್ಮಿಟ್‌ಗೆ ಹೊರಟವರಿಗೆ

ವಿಜಯಪುರದ ನಮ್ಮ ಟ್ರಾವೆಲ್ಸ್‌ಗೆ ಬಂದು "ಇನುಯಿಟ್ ಜನರ (ಉತ್ತರ ಧ್ರುವದ ಕಡೆಯ ಮೂಲನಿವಾಸಿಗಳು) ಊರು ತೋರಿಸ್ರಿ" ಅನ್ನುವವರಿಗೆ ನಾನು ಮೊದಲು ವೀಸಾ ವಿಷಯ ಹೇಳುತ್ತೇನೆ. ಪೂರ್ವ ಗ್ರೀನ್‌ಲ್ಯಾಂಡಿನ ಇತ್ತೊಕ್ಕೊರ್ತೂರ್ಮಿಟ್ ಊರಿಗೆ ಬರೀ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಸಾಲದು. ಆ ನಾಡು ಡೆನ್ಮಾರ್ಕಿಗೆ ಸೇರಿದ್ದು, ಹಾಗಾಗಿ ಡೆನ್ಮಾರ್ಕ್ ಕೊಡುವ ವೀಸಾದಲ್ಲಿ ಗ್ರೀನ್‌ಲ್ಯಾಂಡ್ ಹೆಸರು ಇರಲೇಬೇಕು. ಐಸ್‌ಲ್ಯಾಂಡಿನಿಂದ ವಿಮಾನ ನೆರ್ಲೆರಿತ್ ಇನಾತ್ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿಂದ ಊರಿಗೆ ಸುಮಾರು 40 ಕಿ.ಮೀ. ಹೆಲಿಕಾಪ್ಟರ್. ಮಂಜು ಕವಿದರೆ ಅದೂ ಹಾರುವುದಿಲ್ಲ, ಕೆಲವು ದಿನ ಜಾಸ್ತಿ ಇಟ್ಟುಕೊಳ್ಳಿ.

ಊಟ? ಸರಕಿನ ಹಡಗು ಬೇಸಿಗೆಯಲ್ಲಷ್ಟೇ ಬರುವ ಊರು ಅದು. ಸೀಲ್ (ಕಡಲ ಪ್ರಾಣಿ), ಮಸ್ಕ್ ಆಕ್ಸ್ (ಉದ್ದ ಕೂದಲಿನ ಕಾಡುಪ್ರಾಣಿ) ಮಾಂಸ ತಿನ್ನದವರು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ತೂಕವಿಲ್ಲ, ಕೆಡುವುದೂ ಇಲ್ಲ. ಮನೆಯೊಳಗೆ ಹೋಗುವಾಗ ಬೂಟು ಬಿಡಿ, ನಮ್ಮಲ್ಲೂ ಹಾಗೇ ಅಲ್ವಾ. ಸರಪಳಿ ಹಾಕಿದ ನಾಯಿಗಳನ್ನು ಸುಮ್ನೆ ಮುಟ್ಟಬೇಡಿ, ಅವು ಸ್ಲೆಡ್ಜ್ (ಹಿಮದ ಮೇಲೆ ಜಾರುವ ಬಂಡಿ) ಎಳೆಯುವವು. ಬಂದೂಕು ಇರುವ ಗೈಡ್ ಇಲ್ಲದೆ ಊರಾಚೆ ಕಾಲಿಡಬೇಡಿ, ಹಿಮಕರಡಿ ಓಡಾಡುತ್ತವೆ.