ಮೊಲದ ಕೋವಿ ಕೊಳ್ಳುವ ಮೊದಲು: ನ್ಯೂಜಿಲೆಂಡಿನ ಹೊಸಬರಿಗೆ

ದಕ್ಷಿಣ ದ್ವೀಪದ ಹಳ್ಳಿಗಾಡಿಗೆ ಕೆಲಸಕ್ಕೆಂದು ಬಂದವರನ್ನು ಇಂದಲ್ಲ ನಾಳೆ ಯಾರಾದರೂ ರೈತರು ಕೇಳುತ್ತಾರೆ: ನಮ್ಮ ಜಮೀನಿಗೆ ಬಂದು ನಾಲ್ಕು ಮೊಲ ಹೊಡೆದುಕೊಡುತ್ತೀರಾ? ನಮ್ಮ ಭಾರತದಲ್ಲಿ ಮೊಲ ಹೊಡೆದರೆ 1972ರ ವನ್ಯಜೀವಿ ಕಾಯಿದೆಯಡಿ ಕೇಸು ಬೀಳುತ್ತದೆ. ಇಲ್ಲಿ ಮೊಲವೇ ಪೀಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಬಂದವರು ತಂದು ಬಿಟ್ಟ ಈ ಪ್ರಾಣಿ ಸೆಂಟ್ರಲ್ ಒಟಾಗೊದ ಒಣ ಗುಡ್ಡಗಳನ್ನು ಬೋಳಿಸಿದೆ. ಅಲೆಕ್ಸಾಂಡ್ರಾ ಊರಿನಲ್ಲಿ ಈಸ್ಟರ್ ಹೊತ್ತಿಗೆ ಮೊಲ ಹೊಡೆಯುವ ಸ್ಪರ್ಧೆಯೇ ನಡೆಯುತ್ತದೆ. ಹಾಗಾಗಿ ಮುಜುಗರ ಬೇಡ, ಅವಸರವೂ ಬೇಡ.

ಮೊದಲು ಪರವಾನಗಿ. 2022ರ ಕೊನೆಯಲ್ಲಿ ಆರಂಭವಾದ ತೆ ತಾರಿ ಪೂರೇಕೆ ಎಂಬ ಬಂದೂಕು ಸುರಕ್ಷತಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಲಿಖಿತ ಪರೀಕ್ಷೆ, ಪ್ರಾಯೋಗಿಕ ತರಬೇತಿ, ನಿಮ್ಮೊಂದಿಗೂ ನಿಮ್ಮನ್ನು ಬಲ್ಲವರೊಂದಿಗೂ ಸಂದರ್ಶನ, ಮನೆಯಲ್ಲಿ ಬೀಗ ಹಾಕಿ ಇಡುವ ವ್ಯವಸ್ಥೆಯ ತಪಾಸಣೆ ಎಲ್ಲ ಇರುತ್ತವೆ. ಮನೆಯವರನ್ನೂ ಕೇಳುತ್ತಾರೆ, ಆದ್ದರಿಂದ ಹೆಂಡತಿಗೋ ಗಂಡನಿಗೋ ಹೇಳದೆ ಅರ್ಜಿ ಹಾಕುವ ಸಾಹಸ ಮಾಡಬೇಡಿ. ಜಮ್ಮಾ ವಿನಾಯಿತಿಯಲ್ಲಿ (ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು) ಕೋವಿಯೊಂದಿಗೇ ಬೆಳೆದ ಕೊಡಗಿನವರಿಗೂ ಇಲ್ಲಿ ರಿಯಾಯಿತಿ ಇಲ್ಲ. ಕೈಲ್ ಮುಹೂರ್ತದ ಆಯುಧಪೂಜೆಯ ಕಥೆ ಸಂದರ್ಶನದಲ್ಲಿ ಮಾತಿಗೆ ಚೆನ್ನ, ಅಷ್ಟೆ. ಮೊದಲ ಪರವಾನಗಿ ಐದು ವರ್ಷಕ್ಕೆ. ತೋಟಾ ಕೊಳ್ಳಲೂ ಅದು ಬೇಕು. ಕೊಂಡ ಕೋವಿಯನ್ನು 2023ರಲ್ಲಿ ಶುರುವಾದ ನೋಂದಣಿಯಲ್ಲಿ ಸೇರಿಸಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಪ್ರಾಧಿಕಾರದ ಜಾಲತಾಣವನ್ನೇ ನೋಡಿ. ಪರವಾನಗಿ ಕೈಸೇರುವವರೆಗೆ, ಅದು ಇರುವವರು ಪಕ್ಕದಲ್ಲೇ ನಿಂತು ನೋಡಿಕೊಳ್ಳುವಾಗ ನೀವು ಹೊಡೆದು ಕಲಿಯಬಹುದು. ಕೊಳ್ಳುವ ಮೊದಲು ಹೀಗೆ ಎರಡು ಮೂರು ಬಗೆಯ ಕೋವಿಗಳನ್ನು ಹಿಡಿದು ನೋಡಿದವರು ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ.

ಅಂಗಡಿಯವರು ಮೊದಲು ಕೇಳುವುದು ಯಾವ ತೋಟಾ ಎಂದು. ಮೊಲಕ್ಕೆ ಬಳಸುವ ಸಣ್ಣ ತೋಟಾಗಳಲ್ಲಿ ಸಿಡಿಮದ್ದು ಬುಡದ ಅಂಚಿನೊಳಗೆ ಇರುತ್ತದೆ, ಪಿನ್ನು ಆ ಅಂಚನ್ನೇ ಬಡಿಯುತ್ತದೆ. ಖಾಲಿ ತೋಟಾವನ್ನು ಮತ್ತೆ ತುಂಬಲಾಗದು. ಇವುಗಳಲ್ಲಿ ಆಯ್ಕೆ ನಿಜಕ್ಕೂ ಎರಡರ ನಡುವೆ (ಹೆಸರಿನ ಅಂಕೆ ಗುಂಡಿನ ವ್ಯಾಸ, ಸುಮಾರಾಗಿ ಇಂಚಿನಲ್ಲಿ). ಒಂದು, 1887ರಿಂದ ಇರುವ .22 ಎಲ್‌ಆರ್. ಇನ್ನೊಂದು, 2002ರಲ್ಲಿ ಬಂದ .17 ಎಚ್‌ಎಂಆರ್. ನಡುವೆ .22 ಮ್ಯಾಗ್ನಮ್ ಇದೆ, ಒಳ್ಳೆಯದೇ, ಆದರೆ ಹೊಸಬರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

.17ರ ಗುಂಡು ಒಂದು ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ, ಸೆಕೆಂಡಿಗೆ 770 ಮೀಟರ್‌ಗೂ ಮಿಕ್ಕಿ ಓಡುತ್ತದೆ. 100 ಮೀಟರಿಗೆ ಗುರಿ ಕೂಡಿಸಿದರೆ (ಅಷ್ಟು ದೂರದಲ್ಲಿ ಗುಂಡು ನೇರ ಗುರಿಗೆ ಬೀಳುವಂತೆ ಕೋವಿಯ ಮೇಲಿನ ದೂರದರ್ಶಕ ಹೊಂದಿಸಿದರೆ) 50ರಲ್ಲೂ ಹೆಚ್ಚುಕಡಿಮೆ ಅಲ್ಲಿಗೇ ಬೀಳುತ್ತದೆ. ಬಯಲು ಜಮೀನಿನಲ್ಲಿ 150 ಮೀಟರ್ ದೂರದ ಮೊಲಕ್ಕೆ ಇದಕ್ಕೆ ಸಾಟಿ ಇಲ್ಲ. ಆದರೆ ತೋಟಾ ದುಬಾರಿ, ಗಾಳಿ ಬೀಸಿದರೆ ಹಗುರ ಗುಂಡು ಸರಿಯುತ್ತದೆ, ಮಾಂಸ ಚಿಂದಿಯಾಗುತ್ತದೆ. ಶಬ್ದಕ್ಕಿಂತ ವೇಗವಾದ್ದರಿಂದ ಸೈಲೆನ್ಸರ್ ಹಾಕಿದರೂ ಚಟೀರ್ ಎನ್ನುವ ಸದ್ದು ಹೋಗುವುದಿಲ್ಲ. ಒಂದು ಈಡಿಗೆ ಗುಡ್ಡದ ಮೊಲಗಳೆಲ್ಲ ಬಿಲ ಸೇರುತ್ತವೆ.

.22ರಲ್ಲಿ ಶಬ್ದಕ್ಕಿಂತ ನಿಧಾನದ ತೋಟಾ ಸಿಗುತ್ತದೆ. ಅದರ ತುದಿಗುಳಿಯ (ತುದಿಯಲ್ಲಿ ಟೊಳ್ಳಿರುವ) ಗುಂಡನ್ನೂ ಒಂದು ಸೈಲೆನ್ಸರನ್ನೂ ಕೊಂಡರೆ (ಇಲ್ಲಿ ಸೈಲೆನ್ಸರ್ ಕಾನೂನುಬದ್ಧ, ಸಭ್ಯತೆಯೂ ಹೌದು) ಪಕ್ಕದ ಮೊಲ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತದೆ. ಕೊರತೆ ಒಂದೇ: 50 ಮೀಟರಿಗೆ ಕೂಡಿಸಿದ ಗುರಿ 100ರಲ್ಲಿ ಸುಮಾರು ಗೇಣುದ್ದ ಕೆಳಗೆ ಬೀಳುತ್ತದೆ. ಹೊಸಬರಿಗೆ 70 ಮೀಟರ್ ಆಚೆ ಹೊಡೆಯುವ ಕೆಲಸವೇನು? ಗಾಯಗೊಂಡ ಮೊಲ ಬಿಲಕ್ಕೆ ನುಗ್ಗಿ ನರಳಿ ಸಾಯುವುದಕ್ಕಿಂತ ಹತ್ತಿರ ತೆವಳಿಕೊಂಡು ಹೋಗುವುದನ್ನು ಕಲಿಯಿರಿ. ನನ್ನ ಮತ .22ಕ್ಕೆ, ಎರಡು ಮಾತಿಲ್ಲ. ವಿಶಾಲ ಬಯಲಿನಲ್ಲಿ ಹೊಡೆಯಲು ಖಾಯಂ ಅನುಮತಿ ಸಿಕ್ಕ ಮೇಲೆ .17 ಕೊಳ್ಳಬಹುದು.

ಕೋವಿ ಬೋಲ್ಟ್ ಇರುವುದೇ ಆಗಲಿ, ಅಂದರೆ ಪ್ರತಿ ಈಡಿಗೂ ಕೈಯಿಂದ ಹಿಡಿ ಎಳೆದು ತೋಟಾ ಏರಿಸುವಂಥದ್ದು. 2019ರ ಕ್ರೈಸ್ಟ್‌ಚರ್ಚ್ ಹತ್ಯಾಕಾಂಡದ ನಂತರ ಅರೆಸ್ವಯಂಚಾಲಿತ (ಈಡಾದ ಮೇಲೆ ಮುಂದಿನ ತೋಟಾ ತಾನೇ ಏರುವ) ಬಂದೂಕುಗಳಲ್ಲಿ ಹೆಚ್ಚಿನವು ನಿಷೇಧವಾದರೂ, ಹತ್ತು ತೋಟಾ ಮೀರದ ಮ್ಯಾಗಜಿನಿನ .22 ಉಳಿದುಕೊಂಡಿದೆ, ರೂಗರ್ 10/22 ಅಂಥದ್ದು. ಆದರೆ ಅದು ಕಲಿಯುವವರನ್ನು ಒಂದರ ಹಿಂದೊಂದು ಈಡು ಹಾರಿಸಲು ಪುಸಲಾಯಿಸುತ್ತದೆ. ನಿಧಾನದ ತೋಟಾ ಹಾಕಿದರೆ ಕೆಲವೊಮ್ಮೆ ಸಿಕ್ಕಿಕೊಳ್ಳುತ್ತದೆ ಕೂಡ. ಸಿಝಡ್ 457, ಟಿಕ್ಕಾ ಟಿ1ಎಕ್ಸ್ ಮಕ್ಕಳ ಕಾಲಕ್ಕೂ ಉಳಿಯುವಂಥವು. ಹಣ ಕಡಿಮೆ ಇದ್ದರೆ ಹಳೆಯ ಸಿಝಡ್ 452 ಹುಡುಕಿ, ಅಥವಾ ನಾರಿಂಕೊ ಜೆಡಬ್ಲ್ಯು-15. ಎರಡನೆಯದು ಒರಟು, ಆದರೆ ಮೊಲಕ್ಕೆ ಅದು ಗೊತ್ತಾಗುವುದಿಲ್ಲ. ಉಳಿಸಿದ ದುಡ್ಡನ್ನು ದೂರದರ್ಶಕಕ್ಕೆ ಹಾಕಿ. ನಳಿಗೆಯ ತುದಿಯಲ್ಲಿ ಸೈಲೆನ್ಸರಿಗೆ ಸ್ಕ್ರೂ ಎಳೆ ಕೊರೆದಿದೆಯೇ ನೋಡಿ: ಅರ್ಧ ಇಂಚಿನ ತುದಿಯಲ್ಲೇ ಇಂಚಿಗೆ 20 ಎಳೆಯದೂ 28 ಎಳೆಯದೂ ಇವೆ, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ತೋಟಾವನ್ನು ಮೊದಲೇ ಮೂಟೆಗಟ್ಟಲೆ ತರಬೇಡಿ. ನಾಲ್ಕೈದು ಕಂಪನಿಗಳ ಒಂದೊಂದು ಡಬ್ಬಿ ತಂದು ಕಾಗದದ ಮೇಲೆ ಹೊಡೆದು, ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆಂದು ತಿಳಿದುಕೊಳ್ಳಿ.

ಸಣ್ಣ ಕೋವಿ ಎಂಬ ಸಸಾರ ಬೇಡ. ಗುರಿ ತಪ್ಪಿದ .22 ಗುಂಡು ಒಂದು ಮೈಲಿಗೂ ಹೆಚ್ಚು ಹೋಗಬಲ್ಲದು, ಗಟ್ಟಿ ನೆಲಕ್ಕೂ ನೀರಿಗೂ ತಗುಲಿ ಚಿಮ್ಮುತ್ತದೆ. ಮೊಲದ ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಟ್ರಿಗರ್ ಮುಟ್ಟಬೇಡಿ. ರಾತ್ರಿ ಬೆಳಕು ಹಾಯಿಸಿ ಹೊಡೆಯುವಾಗ ಹೊಳೆಯುವ ಕಣ್ಣು ಮಾತ್ರ ಕಂಡರೆ ಸಾಲದು, ಇಡೀ ಪ್ರಾಣಿ ಕಾಣಬೇಕು. ರೈತರ ನಾಯಿ, ಕುರಿಗಳ ಕಣ್ಣೂ ಹೊಳೆಯುತ್ತವೆ. ಸಂರಕ್ಷಣಾ ಇಲಾಖೆಯ ಭೂಮಿಗೆ ಪ್ರತ್ಯೇಕ ಅನುಮತಿಪತ್ರ ಬೇಕು, ಅಲ್ಲಿ ರಾತ್ರಿ ಬೇಟೆ ಇಲ್ಲ.

ಹೊಡೆದ ಮೊಲವನ್ನು ಸಾರು ಮಾಡುವ ಆಸೆ ಇದ್ದರೆ ಮಾಲೀಕರನ್ನು ಮುಂಚೆಯೇ ಕೇಳಿ. ಮೊಲಕ್ಕೆಂದು ಪಿಂಡೋನ್ ವಿಷ ಇಡುವುದು ಇಲ್ಲಿ ಸಾಮಾನ್ಯ. ಇಟ್ಟಿದ್ದೇವೆ ಎಂದರೆ ಆ ಜಮೀನಿನ ಮೊಲವನ್ನು ನಾಯಿಗೂ ಹಾಕಬೇಡಿ.