ಅಪ್ಪ ಅಮ್ಮನ ಗ್ರೀನ್ ಕಾರ್ಡ್: ಫೀಸ್ ಕಟ್ಟಿದ್ದು, ಕಾಗದಪತ್ರ ಹೊಂದಿಸಿದ್ದು

ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ನಾನೇ ಅರ್ಜಿ ಹಾಕಿದೆ. ವಕೀಲರನ್ನೂ ಹಿಡಿಯಲಿಲ್ಲ, ಏಜೆಂಟರನ್ನೂ ಹಿಡಿಯಲಿಲ್ಲ. ಈಗ ಪರಿಚಯದವರು ಯಾರೇ ಕೇಳಿದರೂ ಮೊದಲ ಪ್ರಶ್ನೆ ಒಂದೇ: ಒಟ್ಟು ಎಷ್ಟು ಖರ್ಚಾಗುತ್ತದೆ? ಅದಕ್ಕೆ ಉತ್ತರ ಸುಲಭ. ಯಾವುದಕ್ಕೆ ಎಷ್ಟು ಅಂತ ಸರ್ಕಾರವೇ ಬರೆದಿಟ್ಟಿದೆ. ಕಷ್ಟ ಇರುವುದು ಕಾಗದಪತ್ರದಲ್ಲಿ. 1950ರ ದಶಕದಲ್ಲಿ ಹಾಸನ ಜಿಲ್ಲೆಯ ಹಳ್ಳಿಯಲ್ಲಿ, ಮನೆಯಲ್ಲೇ ಹುಟ್ಟಿದವರಿಗೆ ಜನನ ಪ್ರಮಾಣಪತ್ರ ಎಲ್ಲಿಂದ ತರುವುದು? ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಫೀಸ್ ಕಟ್ಟುವ ಮೊದಲೇ ಊರಲ್ಲಿ ಕಾಗದದ ಕೆಲಸ ಶುರು ಮಾಡಿ.

ಮೊದಲು ಹಣದ ವಿಷಯ ಮುಗಿಸಿಬಿಡುತ್ತೇನೆ. ತಂದೆ ತಾಯಿಗೆ ಅರ್ಜಿ ಹಾಕಲು ನೀವು ಅಮೆರಿಕದ ಪ್ರಜೆ ಆಗಿರಬೇಕು, 21 ವರ್ಷ ತುಂಬಿರಬೇಕು. ಗ್ರೀನ್ ಕಾರ್ಡ್ ಇದ್ದರಷ್ಟೇ ಸಾಲದು. ಅಪ್ಪನಿಗೆ ಅರ್ಜಿ ಹಾಕಿದರೆ ಅಮ್ಮ ಅದರಲ್ಲೇ ಬರುತ್ತಾರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬರುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಐ-130 ಅರ್ಜಿ (ಇವರು ನನ್ನ ಸಂಬಂಧಿಕರು ಅಂತ ತೋರಿಸುವ ಮೊದಲ ಅರ್ಜಿ), ಬೇರೆ ಬೇರೆ ಫೀಸ್. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದ ಪ್ರಕಾರ ಆನ್‌ಲೈನಿನಲ್ಲಿ ಹಾಕಿದರೆ 625 ಡಾಲರ್, ಕಾಗದದಲ್ಲಿ ಹಾಕಿದರೆ 675. ಅರ್ಜಿ ಒಪ್ಪಿಗೆ ಆದ ಮೇಲೆ ಫೈಲು ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಎರಡು ಫೀಸ್: ವೀಸಾ ಅರ್ಜಿಗೆ 325 ಡಾಲರ್, ಪ್ರಾಯೋಜಕರ, ಅಂದರೆ ಕರೆಸಿಕೊಳ್ಳುವವರ, ಆದಾಯದ ಪತ್ರ ನೋಡುವುದಕ್ಕೆ 120. ಕೊನೆಗೆ ವೀಸಾ ಸಿಕ್ಕ ಮೇಲೆ ಗ್ರೀನ್ ಕಾರ್ಡ್ ಮಾಡಿಕೊಡಲು 235. ಆನ್‌ಲೈನಿನಲ್ಲಿ ಹಾಕಿದರೆ ಎಲ್ಲ ಸೇರಿ ಒಬ್ಬರಿಗೆ 1,305 ಡಾಲರ್, ಇಬ್ಬರಿಗೆ 2,610. ವೈದ್ಯಕೀಯ ಪರೀಕ್ಷೆ, ವೀಸಾ ಸಂದರ್ಶನಕ್ಕೆ ಮುಂಬೈಗೆ ಹೋಗಿಬರುವುದು, ನೋಟರಿ, ಇವೆಲ್ಲ ಇದರ ಮೇಲೆ.

ನ್ಯಾಷನಲ್ ವೀಸಾ ಸೆಂಟರ್‌ನಿಂದ ಬರುವ ಪತ್ರದಲ್ಲಿ ಕೇಸ್ ನಂಬರ್ ಮತ್ತು ಇನ್‌ವಾಯ್ಸ್ ನಂಬರ್ ಇರುತ್ತವೆ. ಮುಂಬೈ ಕಾನ್ಸುಲೇಟಿನ ಕೇಸುಗಳು ಬಿಎಂಬಿ ಅಂತ ಶುರುವಾಗುತ್ತವೆ. ಇವೆರಡನ್ನು ಹಾಕಿ ಅಮೆರಿಕದ ವಿದೇಶಾಂಗ ಇಲಾಖೆಯ ಸಿಇಎಸಿ ಜಾಲತಾಣಕ್ಕೆ ಲಾಗಿನ್ ಆಗಬೇಕು. ಅಲ್ಲಿ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ, ಭಾರತದ ಬ್ಯಾಂಕ್ ಖಾತೆಯೂ ನಡೆಯುವುದಿಲ್ಲ. ಅಮೆರಿಕದ ಬ್ಯಾಂಕ್ ಖಾತೆಯ ರೂಟಿಂಗ್ ನಂಬರ್ (ಬ್ಯಾಂಕನ್ನು ಗುರುತಿಸುವ ಸಂಖ್ಯೆ), ಅಕೌಂಟ್ ನಂಬರ್ ಕೊಟ್ಟೇ ಕಟ್ಟಬೇಕು. ಕಟ್ಟಿದ ತಕ್ಷಣ ಮುಂದಿನ ಬಾಗಿಲು ತೆರೆಯುವುದಿಲ್ಲ. ಹಣ ಜಮಾ ಆಗಿ 'ಪೇಯ್ಡ್' ಅಂತ ತೋರಿಸಿದ ಮೇಲೇ ಡಿಎಸ್-260 ಅನ್ನುವ ವೀಸಾ ಅರ್ಜಿ ತುಂಬಲು ಬಿಡುತ್ತದೆ. ಕಟ್ಟಿದ ಫೀಸ್ ವಾಪಸ್ ಬರುವುದಿಲ್ಲ. ಇನ್ನೊಂದು ಮಾತು. ವಾಟ್ಸಾಪಿನಲ್ಲಿ ಮೆಸೇಜ್ ಮಾಡಿ ಫೀಸ್ ಕೇಳುವವರು, ಯುಪಿಐಗೆ ಹಾಕಿ ಅನ್ನುವವರು ಯಾರೂ ಅಮೆರಿಕ ಸರ್ಕಾರದವರಲ್ಲ. ವಿಳಾಸದ ಕೊನೆಯಲ್ಲಿ ಡಾಟ್ ಜಿಒವಿ ಇದೆಯಾ ಅಂತ ನೋಡಿಯೇ ಹಣ ಕಟ್ಟಿ. ವಯಸ್ಸಾದವರು ಇಂಥ ಕರೆಗಳಿಗೆ ಬೇಗ ಹೆದರುತ್ತಾರೆ. ಹಾಗಾಗಿ ಹಣದ ವಿಷಯ ಯಾರೇ ಎತ್ತಿದರೂ ನನಗೆ ಫೋನ್ ಮಾಡಿ ಅಂತ ಅಪ್ಪನಿಗೆ ಮೊದಲೇ ಹೇಳಿಟ್ಟಿದ್ದೆ.

ಇನ್ನು ಕಾಗದಪತ್ರ. ನಾನು ಮಾಡಿದ ಮೊದಲ ಕೆಲಸ, ಒಂದು ದೊಡ್ಡ ಹಾಳೆಯಲ್ಲಿ ಮನೆಯಲ್ಲಿದ್ದ ಎಲ್ಲ ದಾಖಲೆಗಳನ್ನು ಬರೆದುಕೊಂಡಿದ್ದು. ಪಾಸ್‌ಪೋರ್ಟ್, ಆಧಾರ್, ಶಾಲೆಯ ಟಿಸಿ, ಪಿಂಚಣಿ ಪುಸ್ತಕ, ನನ್ನ ಜನನ ಪ್ರಮಾಣಪತ್ರ, ಒಂದೊಂದರಲ್ಲೂ ಹೆಸರು ಹೇಗಿದೆ, ಹುಟ್ಟಿದ ದಿನ ಯಾವುದು, ಊರು ಯಾವುದು. ಇದನ್ನು ದಯವಿಟ್ಟು ಮಾಡಿ. ನಮ್ಮ ಕಡೆ ಹೆಸರುಗಳ ಕಥೆ ಗೊತ್ತಲ್ವಾ? ಅಪ್ಪನ ಹೆಸರಿಗೆ ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅದು ಊರಿನ ಹೆಸರಾಗಿ ಬಿಡಿಸಿಕೊಂಡಿತ್ತು. ಅಮ್ಮನ ಹೆಸರಿನ ಕೊನೆಗೆ ಶಾಲೆಯಲ್ಲಿ 'ಅಮ್ಮ' ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಊರಲ್ಲಿ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಆದರೆ ಅವರನ್ನು ಯಾವತ್ತೂ ನೋಡದ ಅಧಿಕಾರಿಗೆ ಕಾಗದವೇ ಅವರ ಗುರುತು.

ಅಮ್ಮನ ಹಳೆಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಹಾಗೇ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೆಲ್ಲ ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ. ಮುಂದೆ ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಅದೇ ಹೆಸರಾಗಿ ಉಳಿದುಬಿಡುವ ಅಪಾಯ. ಅದಕ್ಕೇ ಅರ್ಜಿಗೂ ಮೊದಲು ಹೆಸರು ಸರಿಮಾಡಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿದೆವು. ಆಮೇಲೆ ಬೇರೆ ಎಲ್ಲ ಕಾಗದವನ್ನೂ ಪಾಸ್‌ಪೋರ್ಟಿಗೆ ಹೊಂದಿಸಿಕೊಂಡು ಹೋದೆವು. ತಿದ್ದಲು ಆಗದ ಹಳೆಯ ದಾಖಲೆಗಳಿಗೆ, ಈ ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಟ್ಟೆವು.

ಐ-130 ಹಂತದಲ್ಲಿ ಅಮ್ಮನಿಗೆ ಬೇಕಾದದ್ದು ಅವರ ಹೆಸರಿರುವ ನನ್ನ ಜನನ ಪ್ರಮಾಣಪತ್ರ. ಅಪ್ಪನಿಗೆ ಅದರ ಜೊತೆಗೆ ಇಬ್ಬರ ಮದುವೆಯ ಪ್ರಮಾಣಪತ್ರವೂ ಬೇಕು. ನನ್ನ ಹಳೆಯ ಪ್ರಮಾಣಪತ್ರ ಕೈಬರಹದ್ದು, ಬರೀ ಕನ್ನಡದಲ್ಲಿತ್ತು. ಅದೇ ನೋಂದಣಿ ಸಂಖ್ಯೆ ಕೊಟ್ಟು ಕನ್ನಡ, ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿ ತೆಗೆಸಿದೆ. ಜನನ ನೋಂದಣಿ ಕಚೇರಿಗೆ ಹೋಗುವಾಗ ಎಲ್ಲರ ಪಾಸ್‌ಪೋರ್ಟ್ ಪ್ರತಿ ಹಿಡಿದುಕೊಂಡು ಹೋಗಿ. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಹೇಗೆ ಬರೆಯಬೇಕು ಅನ್ನುವುದನ್ನು ಕಂಪ್ಯೂಟರ್ ಮುಂದೆ ಕೂತವರ ಊಹೆಗೆ ಬಿಡಬೇಡಿ.

ಮದುವೆ ಆದಾಗ ಯಾರೂ ನೋಂದಣಿ ಮಾಡಿಸಿರಲಿಲ್ಲ. ಹಳ್ಳಿಗಳಲ್ಲಿ ಆಗ ಆ ರೂಢಿಯೇ ಇರಲಿಲ್ಲ. ಆದರೆ ಎಷ್ಟೋ ವರ್ಷದ ಹಿಂದೆ ಆದ ಮದುವೆಯನ್ನೂ 1955ರ ಹಿಂದೂ ವಿವಾಹ ಕಾಯ್ದೆಯಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗ ನೋಂದಾಯಿಸಬಹುದು. ಲಗ್ನಪತ್ರಿಕೆ, ಮದುವೆಯ ಕಪ್ಪುಬಿಳುಪು ಫೋಟೊ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳು. ಚಿಕ್ಕಪ್ಪ, ದೊಡ್ಡಮ್ಮ, ಮದುವೆಗೆ ಬಂದಿದ್ದ ಪಕ್ಕದ ಮನೆಯವರು ಸಾಕ್ಷಿ ಹಾಕಿದರು. ಅಮ್ಮ ರೇಷ್ಮೆ ಸೀರೆ ಉಟ್ಟುಕೊಂಡೇ ಬಂದಿದ್ದರು, ನನಗೆ ತುಂಬಾ ಖುಷಿಯಾಯಿತು. ಪ್ರಮಾಣಪತ್ರದಲ್ಲಿ ಮದುವೆ ನಡೆದ ದಿನ, ನೋಂದಣಿ ಆದ ದಿನ ಎರಡೂ ಇರುತ್ತವೆ. ನೋಂದಣಿ ಈಚಿನದಾದ್ದರಿಂದ ಹಳೆಯ ಫೋಟೊ, ಲಗ್ನಪತ್ರಿಕೆಯ ಪ್ರತಿ, ಅದರ ಇಂಗ್ಲಿಷ್ ಅನುವಾದ ಎಲ್ಲವನ್ನೂ ಜೊತೆಗೆ ಕಳಿಸಿದೆ. 2024ರಿಂದ ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ 2 ತಂತ್ರಾಂಶದಲ್ಲಿ ಆನ್‌ಲೈನಿನಲ್ಲೇ ವಿವಾಹ ನೋಂದಣಿಗೆ ಅವಕಾಶ ಆಗಿದೆ. ದೇವಸ್ಥಾನ ಅಥವಾ ಛತ್ರದವರು ಕೊಟ್ಟ ರಸೀದಿ ಇದಕ್ಕೆ ಬದಲಿ ಅಲ್ಲ.

ಜಾಸ್ತಿ ಓಡಾಟ ಆಗಿದ್ದು ಅಪ್ಪ ಅಮ್ಮನ ಜನನ ದಾಖಲೆಗೆ. 1969ರ ಜನನ ಮರಣ ನೋಂದಣಿ ಕಾಯ್ದೆ ಜಾರಿಗೆ ಬಂದಿದ್ದೇ 1970ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ಹುಟ್ಟಿದವರ ದಾಖಲೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದು ಅಮೆರಿಕದ ವಿದೇಶಾಂಗ ಇಲಾಖೆಗೂ ಗೊತ್ತಿದೆ. ಹಾಗಾಗಿ ಪ್ರಮಾಣಪತ್ರ ಇಲ್ಲ ಅಂತ ಯಾರೂ ಹೆದರಬೇಕಿಲ್ಲ. ಆದರೆ 'ಇಲ್ಲ' ಅನ್ನುವುದನ್ನು ಸರ್ಕಾರಿ ಕಚೇರಿಯೇ ಬರೆದುಕೊಡಬೇಕು. ಅದಕ್ಕೆ ನಾನ್ ಅವೈಲಬಿಲಿಟಿ ಸರ್ಟಿಫಿಕೇಟ್ ಅನ್ನುತ್ತಾರೆ. ಅರ್ಜಿ ಕೊಟ್ಟ ಮೇಲೆ ಹಳೆಯ ರಿಜಿಸ್ಟರ್ ಹುಡುಕಿಸಿ, ಈ ವರ್ಷದ ದಾಖಲೆಯಲ್ಲಿ ಈ ಹೆಸರು ಸಿಗಲಿಲ್ಲ ಅಂತ ಕೊಡುತ್ತಾರೆ. ಹೆಸರು, ಊರು, ಹುಟ್ಟಿದ ದಿನ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇದೆಯಾ ಅಂತ ಕೌಂಟರಿನ ಮುಂದೆ ನಿಂತೇ ಓದಿ.

ಅದರ ಜೊತೆಗೆ ಬೇರೆ ಪುರಾವೆ ಬೇಕು. ಅಪ್ಪನಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇತ್ತು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅವರು ಓದಿದ ಶಾಲೆಗೆ ಹೋಗಿ, ದಾಖಲಾತಿ ಪುಸ್ತಕದಲ್ಲಿ ಅವರ ಹೆಸರಿರುವ ಸಾಲಿನ ಪ್ರತಿಯನ್ನು ಮುಖ್ಯೋಪಾಧ್ಯಾಯರ ಸಹಿ, ಮೊಹರಿನ ಜೊತೆ ಪಡೆದೆವು. ಆ ಪುಸ್ತಕವನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟವರಿಗೆ ನಾನು ಋಣಿ. ನಂತರ ಇಬ್ಬಿಬ್ಬರು ಹಿರಿಯರ ಅಫಿಡವಿಟ್. ಅಪ್ಪನ ಪರವಾಗಿ ಅವರ ಅಕ್ಕ, ಅಂದರೆ ನನ್ನ ಅತ್ತೆ, ಮತ್ತೊಬ್ಬ ಹಿರಿಯ ನೆಂಟರು. ಅಮ್ಮನ ಪರವಾಗಿ ಅವರ ಸೋದರಮಾವ ಮತ್ತು ದೊಡ್ಡಣ್ಣ. ಬರೆದುಕೊಡುವವರು ಹುಟ್ಟಿದವರಿಗಿಂತ ದೊಡ್ಡವರಾಗಿರಬೇಕು, ವಿಷಯ ತಿಳಿದವರಾಗಿರಬೇಕು. ಹುಟ್ಟಿದ ದಿನ, ಊರು, ತಂದೆ ತಾಯಿಯ ಹೆಸರು, ತಮಗೆ ಏನು ಸಂಬಂಧ, ಈ ವಿಷಯ ತಮಗೆ ಹೇಗೆ ಗೊತ್ತು, ಇಷ್ಟೂ ಬರಬೇಕು. ಟೈಪಿಂಗ್ ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಯಲ್ಲಿ ಕೊನೆಯದು ಇರುವುದೇ ಇಲ್ಲ, ಹೇಳಿ ಬರೆಸಬೇಕು. ಅತ್ತೆಗೆ ಇಂಗ್ಲಿಷ್ ಬಾರದು. ಅದಕ್ಕೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ, ಅವರು ಹೂಂ ಅಂದ ಮೇಲೇ ಸಹಿ ಮಾಡಿಸಿದೆ.

ಕೆಲವರು ಈಗ ಹೊಸದಾಗಿ ತಡ ನೋಂದಣಿ ಮಾಡಿಸಿ ಅಂದರು. ನಾನು ಆ ದಾರಿ ಹಿಡಿಯಲಿಲ್ಲ. ಎಪ್ಪತ್ತರ ಹತ್ತಿರದವರಿಗೆ ಈಗ ಹುಟ್ಟಿಸಿದ ಪ್ರಮಾಣಪತ್ರಕ್ಕಿಂತ ಅರವತ್ತು ವರ್ಷ ಹಳೆಯ ಶಾಲೆಯ ದಾಖಲೆಗೇ ತೂಕ ಜಾಸ್ತಿ ಅಂತ ನನ್ನ ನಂಬಿಕೆ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ (ಕ್ರಿಮಿನಲ್ ಕೇಸ್ ಇಲ್ಲ ಅನ್ನುವ ಪತ್ರ) ಮಾತ್ರ ಕೊನೆಗೆ ಮಾಡಿಸಿ. ಅದಕ್ಕೆ ಎರಡು ವರ್ಷದ ಆಯಸ್ಸು. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಅರ್ಜಿ, ಒಬ್ಬರಿಗೆ 500 ರೂಪಾಯಿ. ಸ್ಟೇಷನ್ನಿನಲ್ಲಿ ಬರೆಸಿಕೊಂಡ ಪತ್ರ ನಡೆಯುವುದಿಲ್ಲ. ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದವರಾದರೆ ಆ ದೇಶದ ಸರ್ಟಿಫಿಕೇಟೂ ಬೇಕು. ಗಲ್ಫ್‌ನಲ್ಲಿ ಕೆಲಸ ಮಾಡಿದವರು ಇದನ್ನು ಮರೆಯಬಾರದು.

ಕನ್ನಡದಲ್ಲಿರುವ ಎಲ್ಲದಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿದೆ. ಅನುವಾದ ಸರಿಯಾಗಿದೆ, ತಮಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಕರು ಬರೆದು ಸಹಿ ಮಾಡಬೇಕು. ಸ್ಕ್ಯಾನ್ ಮಾಡುವಾಗ ಹಿಂಬದಿಯ ಮೊಹರುಗಳನ್ನೂ ಸೇರಿಸಿ, ಒಂದು ದಾಖಲೆಯ ಎಲ್ಲ ಪುಟ ಒಂದೇ ಫೈಲಿನಲ್ಲಿ ಇರಲಿ. ಮೂಲ ಪ್ರತಿಗಳನ್ನು ಅಂಚೆಯಲ್ಲಿ ಎಲ್ಲಿಗೂ ಕಳಿಸಬೇಡಿ. ಅವು ಮುಂಬೈ ಸಂದರ್ಶನಕ್ಕೆ ಕೈಯಲ್ಲೇ ಹೋಗಬೇಕು. ಅಪ್ಪ ಅಮ್ಮನಿಗೆ ಬೇರೆ ಬೇರೆ ಫೈಲು ಮಾಡಿ, ಮೇಲೆ ಕನ್ನಡದಲ್ಲಿ ಪಟ್ಟಿ ಅಂಟಿಸಿ ಕೊಟ್ಟಿದ್ದೆ. ಅಧಿಕಾರಿ ಏನು ಕೇಳಿದರೂ ಅವರೇ ತೆಗೆದು ಕೊಡುವಂತಿತ್ತು.

ವೀಸಾ ಕೈಗೆ ಬರುವವರೆಗೆ ವಿಮಾನದ ಟಿಕೆಟ್ ಮಾಡಿಸಬೇಡಿ. ಬಂದ ಮೇಲೆ ಗ್ರೀನ್ ಕಾರ್ಡಿನ ಆ 235 ಡಾಲರ್ ಅನ್ನು ಹೊರಡುವ ಮೊದಲೇ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ಜಾಲತಾಣದಲ್ಲಿ ಕಟ್ಟಿ. ಅದಕ್ಕೆ ಬೇಕಾದ ಎ-ನಂಬರ್ (ವಲಸೆ ಬರುವವರಿಗೆ ಕೊಡುವ ಗುರುತಿನ ಸಂಖ್ಯೆ) ಮತ್ತು ಕೇಸ್ ನಂಬರ್ ವೀಸಾದ ಜೊತೆಗೇ ಸಿಗುತ್ತವೆ. ಕಟ್ಟದಿದ್ದರೂ ದೇಶದೊಳಗೆ ಬಿಡುತ್ತಾರೆ, ಆದರೆ ಕಟ್ಟುವವರೆಗೆ ಕಾರ್ಡ್ ಮನೆಗೆ ಬರುವುದಿಲ್ಲ.